ಬಚ್ಚಲೊಲೆಯ ಹೊಗೆ, ನುಂಗಿದ ಕ್ಯಾಪ್ಸೂಲು

ಮಲೆನಾಡಿನ ಸಣ್ಣ ಪೇಟೆಯಲ್ಲಿ ಕ್ಲಿನಿಕ್ ತೆರೆದಾಗ ಎದೆಯಲ್ಲಿ ಸುಂಯ್ ಎಂದವರೆಲ್ಲ ನನಗೆ ಉಬ್ಬಸದವರೇ. ಶ್ವಾಸನಾಳ ಸಡಿಲಿಸುವ ಡೆರಿಫಿಲಿನ್ ಇಂಜೆಕ್ಷನ್, ಸಾಲ್ಬುಟಮಾಲ್ ಮಾತ್ರೆ, ಮುಂದಿನವರು ಬನ್ನಿ. ಸಿಒಪಿಡಿ, ಅಂದರೆ ಶ್ವಾಸನಾಳ ಶಾಶ್ವತವಾಗಿ ಕಿರಿದಾಗುವ ಕಾಯಿಲೆ, ಬೀಡಿ ಸೇದುವ ಗಂಡಸರದ್ದು ಎಂದೇ ತಿಳಿದಿದ್ದೆ.

ಉಸಿರು ಅಳೆಯುವ ಸ್ಪೈರೋಮೀಟರ್ ತಂದ ವರ್ಷ ಅರವತ್ತರ ಆಸುಪಾಸಿನ ಅಮ್ಮ ಒಬ್ಬರು ಬಂದರು. ಎಷ್ಟೋ ವರ್ಷದಿಂದ 'ಉಬ್ಬಸ'ಕ್ಕೆ ಮಾತ್ರೆ. ಊದುಗೊಳವೆ ಹಿಡಿದೇ ಬಾಳಿದವರು, ನನ್ನ ಮಷೀನಿಗೆ ಆರು ಸೆಕೆಂಡ್ ಊದಲು ಒದ್ದಾಡಿದರು. ಮೊದಲ ಸೆಕೆಂಡಿನಲ್ಲಿ ಹೊರಬಂದದ್ದು 980 ಮಿಲಿ. ಸಾಲ್ಬುಟಮಾಲ್ 400 ಮೈಕ್ರೋಗ್ರಾಂ ಇನ್‌ಹೇಲರ್ ಪಂಪಿನಲ್ಲಿ ಕೊಟ್ಟು, ಹದಿನೈದು ನಿಮಿಷ ಕೂರಿಸಿ ಮತ್ತೆ ಊದಿಸಿದೆ: 1,050. ಉಬ್ಬಸದಲ್ಲಿ ಸಾಮಾನ್ಯವಾಗಿ 200 ಮಿಲಿ ಮತ್ತು ಶೇ. 12ಕ್ಕಿಂತ ಹೆಚ್ಚು ಏರುತ್ತದೆ. ಊದಿದ ಒಟ್ಟು ಉಸಿರಿನಲ್ಲಿ ಮೊದಲ ಸೆಕೆಂಡಿನ ಪಾಲೂ 0.70ಕ್ಕಿಂತ ಬಹಳ ಕೆಳಗಿತ್ತು, ಅಂದರೆ ಶ್ವಾಸನಾಳ ಕಿರಿದಾಗಿತ್ತು. ಚಿಕ್ಕಂದಿನಲ್ಲಿ ಉಬ್ಬಸವಿರಲಿಲ್ಲ, ರಾತ್ರಿ ಎದ್ದು ಕೂರುವುದಿಲ್ಲ. ಬೇಸಿಗೆ ಮಳೆ ಎನ್ನದೆ ಏದುಸಿರು.

"ಮನೇಲಿ ಗ್ಯಾಸ್ ಇದೆ ತಾನೆ?"

"ಅಡುಗೆಗಿದೆ. ಬಚ್ಚಲೊಲೆ ಇವ್ರದ್ದೇ ಡಾಕ್ಟ್ರೇ," ಅಂದಳು ಜೊತೆಗಿದ್ದ ಸೊಸೆ. "ಬೆಳಗಿನ ಜಾವಕ್ಕೇ ಊದ್ತಾ ಕೂತಿರ್ತಾರೆ."

ಮಳೆಗಾಲದ ಹಸಿ ಸೌದೆ, ತೆಂಗಿನ ಸಿಪ್ಪೆ, ಬಾಗಿಲು ಮುಚ್ಚಿದ ಬಚ್ಚಲು. ಇದು ಉಬ್ಬಸವಲ್ಲ, ಹೊಗೆ ತಂದ ಸಿಒಪಿಡಿ. ಅಲ್ಲಿಯವರೆಗೆ ಯಾವ ರೋಗಿಯನ್ನೂ ನಾನು ಇದರ ಬಗ್ಗೆ ಕೇಳಿರಲಿಲ್ಲ.

ಶ್ವಾಸನಾಳ ಸಡಿಲಿಸುವ ಟಯೋಟ್ರೋಪಿಯಂ ಕ್ಯಾಪ್ಸೂಲು ಬರೆದೆ. ತಿಂಗಳಾದರೂ ಏದುಸಿರು ಇಳಿಯಲಿಲ್ಲ. ಡೋಸ್ ಏರಿಸುವುದರಲ್ಲಿದ್ದೆ, ಪುಣ್ಯಕ್ಕೆ ಹೇಗೆ ತಗೋತೀರಿ ಎಂದು ಕೇಳಿದೆ. "ಕಾಫಿ ಆದ್ಮೇಲೆ, ನೀರಲ್ಲಿ ನುಂಗ್ತೀನಿ." ಕ್ಯಾಪ್ಸೂಲಿನ ಪುಡಿಯನ್ನು ಉಸಿರಿನಲ್ಲಿ ಎಳೆಯುವ ಸಾಧನ ಬೀರುವಿನಲ್ಲಿ ಡಬ್ಬಿ ಸಮೇತ ಭದ್ರವಾಗಿತ್ತಂತೆ. ಚೀಟಿಯಲ್ಲಿ 1-0-0 (ಬೆಳಿಗ್ಗೆ ಒಂದು) ಎಂದಷ್ಟೇ ಗೀಚಿದವನು ನಾನೇ.

ಅಂದಿನಿಂದ ಮೊದಲ ಡೋಸ್ ನನ್ನೆದುರಿಗೇ. ಉಸಿರು ಪೂರ್ತಿ ಬಿಟ್ಟು, ಬಾಯಿಂದ ಜೋರಾಗಿ ಎಳೆದು, ಹತ್ತು ಎಣಿಸುವವರೆಗೆ ಹಿಡಿಯಬೇಕು. ಎಳೆಯುವಾಗ ಕ್ಯಾಪ್ಸೂಲು ಗಿರಗಿರ ಸದ್ದು ಮಾಡಬೇಕು. ಆಮೇಲೆ ತೆರೆದು ನೋಡಿ ಪುಡಿ ಉಳಿದಿದ್ದರೆ ಇನ್ನೊಮ್ಮೆ. ಎಳೆಯುವಷ್ಟು ಬಲವಿಲ್ಲದವರಿಗೆ ಸ್ಪೇಸರ್ (ಔಷಧ ಹಿಡಿದಿಡುವ ಕೊಳವೆ) ಹಚ್ಚಿದ ಪಂಪು. ನಿಜವಾದ ಉಬ್ಬಸದವರಿಗಾದರೆ ಸ್ಟೀರಾಯ್ಡ್ ಇರುವ ಪಂಪೇ ಮುಖ್ಯ, ಬರೀ ಸಾಲ್ಬುಟಮಾಲ್ ನೆಚ್ಚಿ ಕೂರುವಂತಿಲ್ಲ; ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು.

ಆ ಅಮ್ಮ ಈಗ ಮೆಟ್ಟಿಲು ಹತ್ತಿ ಬರುತ್ತಾರೆ, ಮಧ್ಯೆ ಒಂದು ಸಲ ನಿಂತು. ಒಲೆ ಹತ್ತಿರ ಸುಳಿಯುವುದಿಲ್ಲವಂತೆ. ಈಗ ಹಚ್ಚುವವಳು ಸೊಸೆ. ಮುಂದಿನ ಸಲ ಅವಳನ್ನೂ ಊದಿಸಬೇಕು.