ಮಕ್ಕಳ ವಿಡಿಯೊ, ಆ್ಯನಿಮೇಷನ್, ಚಿತ್ರ: ಕಥೆ ಎಲ್ಲಿ ಅಡಗಿದೆ ಅಂತ ನೋಡುವುದು ಹೇಗೆ?

ಶಾಲೆಯ ವಾರ್ಷಿಕೋತ್ಸವ, ವಿಜ್ಞಾನ ಮೇಳ, ಕಾಲೇಜಿನ ಫೆಸ್ಟ್ ಎಲ್ಲೇ ಹೋಗಿ, ಮಕ್ಕಳೇ ಮಾಡಿದ ಒಂದೆರಡು ವಿಡಿಯೊ ಈಗ ಇದ್ದೇ ಇರುತ್ತವೆ. ಶಿವಮೊಗ್ಗದಂಥ ಊರು ಬಿಡಿ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲೂ ಅಪ್ಪನ ಫೋನ್ ಹಿಡಿದು ಆ್ಯನಿಮೇಷನ್ ಮಾಡುವ ಹುಡುಗರು ಸಿಗುತ್ತಾರೆ. ನೋಡಿದ ಮೇಲೆ ನಾವು ಹೇಳುವುದು ಮಾತ್ರ ಎರಡೇ ಮಾತು. ‘ತುಂಬಾ ಚೆನ್ನಾಗಿದೆ’, ಇಲ್ಲವೇ ‘ಮೆಸೇಜ್ ಚೆನ್ನಾಗಿದೆ’. ನಿದ್ದೆಗೆಟ್ಟು ಮಾಡಿದ ಮಗುವಿಗೆ ಇದರಿಂದ ಏನು ಸಿಕ್ಕಿತು? ಯಾವ ದೃಶ್ಯ ನಾಟಿತು, ಯಾವುದು ನಾಟಲಿಲ್ಲ, ಯಾಕೆ ಅನ್ನುವುದನ್ನು ಯಾರೂ ಹೇಳಲೇ ಇಲ್ಲ.

ಇದಕ್ಕೆ ಸಿನಿಮಾ ಕಾಲೇಜಿನಲ್ಲಿ ಓದಿರಬೇಕು ಅಂತೇನಿಲ್ಲ. ಹೆಗ್ಗೋಡಿನ ನೀನಾಸಂ ದಶಕಗಳ ಹಿಂದೆಯೇ ಸಿನಿಮಾ ರಸಗ್ರಹಣ ಶಿಬಿರ ನಡೆಸಿ, ಹಳ್ಳಿಯಲ್ಲಿ ಕೂತು ಜಗತ್ತಿನ ಸಿನಿಮಾ ನೋಡಬಹುದು, ಅದರ ಬಗ್ಗೆ ವಾದ ಮಾಡಬಹುದು ಅಂತ ತೋರಿಸಿತು. ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮೇಷ್ಟ್ರು, ಅಪ್ಪ-ಅಮ್ಮ, ಸ್ಪರ್ಧೆಯ ತೀರ್ಪುಗಾರರು, ಬೇಕಾದರೆ ಮಕ್ಕಳೇ ಕೂತು ಮಾಡಬಹುದಾದ ಕೆಲಸ ಇದು.

ಮೊದಲು ವೀರಗಲ್ಲು

ಕಣ್ಣು ಪಳಗಬೇಕಾದರೆ ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆಗೆ ಹೋಗಿ ಬನ್ನಿ. ಅಲ್ಲಿನ ಅಂಗಳದಲ್ಲಿ ವೀರಗಲ್ಲುಗಳನ್ನು ನಿಲ್ಲಿಸಿದ್ದಾರೆ. ಸಾಮಾನ್ಯವಾಗಿ ಒಂದು ಕಲ್ಲಿನಲ್ಲಿ ಮೂರು ಪಟ್ಟಿಕೆ ಇರುತ್ತವೆ. ಕೆಳಗಡೆ ಕಾಳಗ. ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುತ್ತಿದ್ದಾರೆ. ಮೇಲೆ, ಅವನು ಕೈಲಾಸದಲ್ಲಿ ಲಿಂಗದ ಮುಂದೆ ಕೂತಿದ್ದಾನೆ.

ಈಗ ಮೂರು ಪ್ರಶ್ನೆ ಕೇಳಿ. ಕಥೆ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆ? ಕೆಳಗಿನಿಂದ ಮೇಲಕ್ಕೆ, ಅವನು ಏರಿದ ಹಾಗೇ ನಮ್ಮ ಕಣ್ಣೂ ಏರುತ್ತದೆ. ಗುಂಪಿನಲ್ಲಿ ವೀರ ಯಾರು ಅಂತ ಹೇಗೆ ಗೊತ್ತಾಯಿತು? ಹೆಚ್ಚಿನ ಕಲ್ಲುಗಳಲ್ಲಿ ಅವನನ್ನು ಉಳಿದವರಿಗಿಂತ ದೊಡ್ಡದಾಗಿ ಕೆತ್ತಿರುತ್ತಾರೆ. ಅವನು ಸತ್ತಿದ್ದು ಎಲ್ಲಿ? ಎಷ್ಟೋ ಕಲ್ಲುಗಳಲ್ಲಿ ಆ ಕ್ಷಣ ಕೆತ್ತಿಯೇ ಇಲ್ಲ. ಮೊದಲ ಪಟ್ಟಿಕೆಗೂ ಎರಡನೆಯದಕ್ಕೂ ನಡುವೆ ಅದು ನಡೆದುಹೋಗಿದೆ, ನಾವೇ ಊಹಿಸಿಕೊಂಡಿದ್ದೇವೆ. ದಿಕ್ಕು, ಗಾತ್ರ, ಬಿಟ್ಟ ಜಾಗ. ಹುಡುಗರ ವಿಡಿಯೊದಲ್ಲೂ ಹುಡುಕಬೇಕಾದ್ದು ಮೊದಲಿಗೆ ಇವನ್ನೇ.

ಸದ್ದು ಬಂದ್ ಮಾಡಿ

ಮೊದಲ ಸಲ ವಿಡಿಯೊವನ್ನು ಸುಮ್ನೆ ಪೂರ್ತಿ ನೋಡಿ. ಪೆನ್ನು ಹಿಡಿಯಬೇಡಿ. ಎರಡನೇ ಸಲ ಮ್ಯೂಟ್ ಮಾಡಿ. ಕೆಳಗೆ ಅಕ್ಷರ ಬರುತ್ತಿದ್ದರೆ ಒಂದು ಕಾಗದ ಅಡ್ಡ ಹಿಡಿಯಿರಿ. ಈಗ ನಿಮಗೆ ಅರ್ಥವಾದ ಕಥೆಯನ್ನು ಎರಡು ಸಾಲಿನಲ್ಲಿ ಬರೆಯಿರಿ.

ಮಕ್ಕಳ ಹೆಚ್ಚಿನ ವಿಡಿಯೊಗಳು ಇಲ್ಲೇ ಸೋಲುತ್ತವೆ. ಹಿನ್ನೆಲೆಯ ದನಿಯೇ ‘ಕಾಡು ಉಳಿಸಿ, ನಾಡು ಉಳಿಸಿ’ ಅಂತ ಎಲ್ಲ ಹೇಳಿಬಿಟ್ಟಿರುತ್ತದೆ. ತೆರೆಯ ಮೇಲೆ ಮರ, ಹಕ್ಕಿ, ಇನ್ನೊಂದು ಮರ, ಅಷ್ಟೇ. ಮ್ಯೂಟ್ ಮಾಡಿದರೂ ಕಥೆ ಉಳಿದಿದೆ ಅಂದರೆ ಆ ಮಗುವಿಗೆ ಚಿತ್ರದಲ್ಲಿ ಯೋಚನೆ ಮಾಡುವುದು ಬರುತ್ತದೆ. ಅದನ್ನು ಅವರಿಗೆ ಹೇಳಲೇಬೇಕು.

ಶಾಟ್‌ಗಳನ್ನು ಪಟ್ಟಿ ಮಾಡಿ

ಮೂರನೇ ಸಲ ನಿಲ್ಲಿಸಿ ನಿಲ್ಲಿಸಿ ನೋಡಿ. ಕ್ಯಾಮೆರಾ ಎಲ್ಲೂ ಕತ್ತರಿಸದೆ ಒಂದೇ ಸಲಕ್ಕೆ ತೋರಿಸುವ ತುಣುಕು ಒಂದು ಶಾಟ್. ನೋಟ್‌ಬುಕ್ಕಿನಲ್ಲಿ ಪ್ರತಿ ಶಾಟ್‌ಗೂ ಒಂದು ಸಾಲು: ಎಷ್ಟು ಸೆಕೆಂಡ್, ಕ್ಯಾಮೆರಾ ದೂರವೋ ಹತ್ತಿರವೋ, ಏನು ಕಾಣುತ್ತದೆ, ಹಿಂದಿನ ಶಾಟ್‌ಗಿಂತ ಏನು ಬದಲಾಯಿತು. ಬೇಜಾರಿನ ಕೆಲಸ ನಿಜ. ಆದರೆ ಇಡೀ ವಿಶ್ಲೇಷಣೆ ನಿಂತಿರುವುದು ಇದರ ಮೇಲೆ.

ಒಂದು ಉದಾಹರಣೆ ತಗೊಳ್ಳೋಣ. ಹೈಸ್ಕೂಲ್ ಹುಡುಗಿಯರು ಮಾಡಿದ ಒಂದು ನಿಮಿಷದ ವಿಡಿಯೊ ಅಂತ ಇಟ್ಟುಕೊಳ್ಳಿ. ಮೊದಲ ಶಾಟ್ ದೂರದಿಂದ. ರಾತ್ರಿ, ಒಂದೇ ಬಲ್ಬು, ಅಡಿಕೆ ರಾಶಿಯ ಸುತ್ತ ಹೆಂಗಸರು ಕೂತು ಸುಲಿಯುತ್ತಿದ್ದಾರೆ. ಎರಡನೆಯದು ತೀರಾ ಹತ್ತಿರ: ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮೇಲೆ ಒಂದು ಕೈ, ಬೆರಳಿಗೆಲ್ಲ ಅಡಿಕೆ ಕರೆ ಹತ್ತಿ ಕಪ್ಪಾಗಿದೆ. ಮೂರನೆಯದರಲ್ಲಿ ಅದೇ ಅಳತೆ, ಅದೇ ಕೋನ, ಆದರೆ ಪೆನ್ನು ಹಿಡಿದ ಹುಡುಗಿಯ ಕೈ. ಆಮೇಲೆ ಹಗಲು, ಶಾಲೆ. ಮೇಜಿನ ಮೇಲೆ ಸಹಿ ಹಾಕಬೇಕಾದ ಪುಸ್ತಕ. ಯಾರೋ ಪೆನ್ನು ಚಾಚುತ್ತಾರೆ. ತಗೊಳ್ಳುವ ಕೈ ಬರುವುದಿಲ್ಲ. ನಾಲ್ಕು ಸೆಕೆಂಡ್ ಖಾಲಿ. ಮುಂದಿನ ಶಾಟ್‌ನಲ್ಲಿ ಅಮ್ಮನ ಕೈ ಸೆರಗಿನೊಳಗೆ ಅಡಗಿದೆ. ಕೊನೆಗೆ ಮಗಳ ಕೈ ಬಂದು ಆ ಕೈಯನ್ನು ಹೊರಗೆ ತೆಗೆಯುತ್ತದೆ.

ಯಾರ ಮುಖವೂ ಕಾಣಲಿಲ್ಲ, ಒಂದು ಮಾತೂ ಇಲ್ಲ. ಆದರೂ ಎಲ್ಲ ಗೊತ್ತಾಯಿತು, ಅಲ್ವಾ? ಹೇಗೆ ಗೊತ್ತಾಯಿತು ಅನ್ನುವುದೇ ನಿಮ್ಮ ವಿಶ್ಲೇಷಣೆ. ಎರಡನೇ, ಮೂರನೇ ಶಾಟ್‌ನ ಕೈಗಳನ್ನು ಒಂದೇ ಥರ ತೋರಿಸಿದ್ದರಿಂದ ಇಬ್ಬರೂ ಅಮ್ಮ-ಮಗಳು ಅಂತ ಯಾರೂ ಹೇಳದೆ ನಮಗೆ ಹೊಳೆಯಿತು. ಮೂರನೇ ಶಾಟ್ ತೆಗೆದುಹಾಕಿ ನೋಡಿ, ಕೊನೆಯಲ್ಲಿ ಬಂದ ಕೈ ಯಾರದ್ದು ಅಂತಲೇ ತಿಳಿಯುವುದಿಲ್ಲ. ಕಥೆ ತಿರುಗುವುದು ಆ ಖಾಲಿ ನಾಲ್ಕು ಸೆಕೆಂಡಿನಲ್ಲಿ. ಎಡಿಟ್ ಮಾಡುವಾಗ ‘ಏನೂ ಇಲ್ಲ’ ಅಂತ ಕತ್ತರಿಸಿದ್ದರೆ ಅಮ್ಮನ ನಾಚಿಕೆ ನಮಗೆ ತಲುಪುತ್ತಲೇ ಇರಲಿಲ್ಲ. ಪ್ರತಿ ಕೃತಿಯಲ್ಲೂ ಇಂಥ ತಿರುವಿನ ಜಾಗ ಒಂದಿರುತ್ತದೆ. ಅದನ್ನು ಹುಡುಕಿ, ಪಟ್ಟಿಯಲ್ಲಿ ಗುರುತು ಹಾಕಿ.

ಪಕ್ಕದಲ್ಲಿ ಏನಿದೆ ಅನ್ನುವುದರ ಮೇಲೆ ಒಂದು ಶಾಟ್‌ನ ಅರ್ಥ ಬದಲಾಗುತ್ತದೆ. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಒಬ್ಬ ನಟನ ಒಂದೇ ನಿರ್ಭಾವದ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆ, ಒಮ್ಮೆ ಶವಪೆಟ್ಟಿಗೆಯ ಜೊತೆ, ಇನ್ನೊಮ್ಮೆ ಒಬ್ಬ ಹೆಣ್ಣಿನ ಜೊತೆ ಜೋಡಿಸಿದರು. ನೋಡಿದವರಿಗೆ ಅದೇ ಮುಖದಲ್ಲಿ ಹಸಿವು, ದುಃಖ, ಆಸೆ ಕಂಡಿತಂತೆ.

ದಿಕ್ಕನ್ನೂ ಗಮನಿಸಿ. ಒಂದು ಶಾಟ್‌ನಲ್ಲಿ ಎಡದಿಂದ ಬಲಕ್ಕೆ ಓಡಿದ ಹುಡುಗ ಮುಂದಿನದರಲ್ಲಿ ಬಲದಿಂದ ಎಡಕ್ಕೆ ಓಡಿದರೆ ವಾಪಸ್ ಬರುತ್ತಿದ್ದಾನೆ ಅನ್ನಿಸುತ್ತದೆ. ಹುಡುಗ ಓಡುವ ದಾರಿಯ ಒಂದು ಬದಿಯಲ್ಲಿದ್ದ ಕ್ಯಾಮೆರಾ ಆ ದಾರಿ ದಾಟಿ ಇನ್ನೊಂದು ಬದಿಗೆ ಹೋಯಿತು, ಅದರ ಫಲ ಇದು.

ಆಮೇಲೆ ಸದ್ದು ಹಾಕಿ ನೋಡಿ. ರಾತ್ರಿಯಿಡೀ ಕೇಳಿದ ಮೆಟ್ಟುಗತ್ತಿಯ ಟಕ್ ಟಕ್ ಆ ಖಾಲಿ ನಾಲ್ಕು ಸೆಕೆಂಡಿನಲ್ಲಿ ನಿಂತಿದ್ದರೆ, ಸದ್ದು ಅಲ್ಲಿ ಚಿತ್ರಕ್ಕೆ ಹೊಸದೇನನ್ನೋ ಸೇರಿಸಿದೆ. ಮೊದಲಿಂದ ಕೊನೆವರೆಗೆ ಒಂದೇ ಪಿಟೀಲು ಕೊಯ್ಯುತ್ತಿದ್ದರೆ ಏನೂ ಸೇರಿಸಿಲ್ಲ.

ಆ್ಯನಿಮೇಷನ್ ಆದರೆ ಎಣಿಸಿ

ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ ಒಂದರ ಹಿಂದೊಂದು ಬರುವ 24 ನಿಶ್ಚಲ ಚಿತ್ರ. ಕೈಯಲ್ಲಿ ಬಿಡಿಸುವವರು ಬಿಡಿಸಿದ ಒಂದು ಚಿತ್ರವನ್ನೇ ಎರಡು ಫ್ರೇಮ್‌ಗೆ ಇಟ್ಟು, ಸೆಕೆಂಡಿಗೆ 12 ಚಿತ್ರದಲ್ಲಿ ಮುಗಿಸುವುದುಂಟು. ಆಗಲೂ ಒಂದು ನಿಮಿಷಕ್ಕೆ 720 ಚಿತ್ರ ಬೇಕು. ಆದ್ದರಿಂದ ‘ಇಷ್ಟೇನಾ?’ ಅಂತ ದಯವಿಟ್ಟು ಕೇಳಬೇಡಿ.

ಮಣ್ಣಿನ ಕಪ್ಪೆ ಹಾರುವ ದೃಶ್ಯ ಇದೆ ಅನ್ನಿ. ಫ್ರೇಮ್ ಬೈ ಫ್ರೇಮ್ ಮುಂದೆ ಸರಿಸಿ. ಹಾರುವ ಮೊದಲು ಕಪ್ಪೆ ಸ್ವಲ್ಪ ಕುಗ್ಗಿತಾ? ನೆಲ ಮುಟ್ಟಿದಾಗ ಮೈ ಚಪ್ಪಟೆಯಾಯಿತಾ? ಡಿಸ್ನಿಯ ಫ್ರ್ಯಾಂಕ್ ಥಾಮಸ್ ಮತ್ತು ಓಲಿ ಜಾನ್‌ಸ್ಟನ್ 1981ರಲ್ಲಿ ಬರೆದಿಟ್ಟ 12 ಸೂತ್ರಗಳಲ್ಲಿ ಇವೂ ಸೇರಿವೆ. ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಕಪ್ಪೆ ಎಷ್ಟು ದೂರ ಸರಿಯಿತು ಅಂತಲೂ ಅಳೆಯಿರಿ. ಅಂತರ ಕಡಿಮೆ ಇದ್ದಲ್ಲಿ ನಿಧಾನ, ಜಾಸ್ತಿ ಇದ್ದಲ್ಲಿ ವೇಗ. ಎಲ್ಲ ಕಡೆ ಒಂದೇ ಅಂತರ ಇದ್ದರೆ ಕಪ್ಪೆ ಹಾರುವುದಿಲ್ಲ, ಜಾರುತ್ತದೆ. ಹೊಸಬರ ಕೆಲಸದಲ್ಲಿ ಜಾಸ್ತಿ ಕಾಣುವ ತೊಂದರೆ ಇದೇ. ಹೇಳಿಕೊಟ್ಟರೆ ಮುಂದಿನ ಸಲಕ್ಕೆ ಸರಿಹೋಗುತ್ತದೆ.

ಒಂದೇ ಚಿತ್ರದಲ್ಲಿ ಕಥೆ

ಬಿಡಿಸಿದ ಚಿತ್ರಕ್ಕೆ ಮುಂದಿನ ಶಾಟ್ ಇಲ್ಲ. ಹಾಗಾಗಿ ಯಾವ ಕ್ಷಣವನ್ನು ಆರಿಸಿಕೊಂಡರು ಅಂತ ಕೇಳಬೇಕು. ಘಟನೆಗೆ ಮೊದಲಿನದಾ, ನಡೆಯುತ್ತಿರುವುದಾ, ಮುಗಿದ ಮೇಲಿನದಾ? ಶಿವಮೊಗ್ಗದ ಮಗು ತುಂಗೆಯನ್ನು ಬಿಡಿಸಿ, ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪದ ತುದಿಯನ್ನಷ್ಟೇ ನೀರಿನ ಮೇಲೆ ತೋರಿಸಿತು ಅಂದರೆ ಊರಿನವರಿಗೆ ಬೇರೇನೂ ಹೇಳಬೇಕಿಲ್ಲ, ಹೊಳೆ ಎಷ್ಟು ತುಂಬಿದೆ ಅಂತ ಗೊತ್ತಾಯಿತು. ಅದೇ ಚಿತ್ರ ಕಲಬುರ್ಗಿಯಲ್ಲಿ ಸ್ಪರ್ಧೆಗೆ ಹೋದರೆ? ಅಲ್ಲಿನ ತೀರ್ಪುಗಾರರಿಗೆ ಅದೊಂದು ಗೋಪುರದ ತುದಿ ಅಷ್ಟೇ. ಚಿತ್ರ ಯಾರಿಗೆ ಅಂತ ಮಗುವನ್ನೇ ಕೇಳಿ.

ಕಣ್ಣು ಮೊದಲು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿಗೆ ಅನ್ನುವುದನ್ನು ಚಿತ್ರದ ಒಂದು ಜೆರಾಕ್ಸ್ ಮೇಲೆ ಬಾಣ ಹಾಕಿ ಗುರುತಿಸಿ. ಮಲೆನಾಡಿನ ದೀವರ ಸಮುದಾಯದವರ ಮನೆಯ ಹಸೆಗೋಡೆ ಚಿತ್ತಾರವನ್ನು ಹೀಗೆ ನೋಡಿದರೆ ಬಹಳ ಕಲಿಯಬಹುದು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ ಎಳೆಗಳು. ಎಳೆಗಳೇ ಕಣ್ಣನ್ನು ಹಿಡಿದು ಒಳಗೆ ಕರೆದುಕೊಂಡು ಹೋಗುತ್ತವೆ.

ಬೇಕಂತ ಮಾಡಿದ್ದಾ, ಹಾಗೇ ಆಗಿದ್ದಾ?

ಮಳೆಗಾಲದಲ್ಲಿ ತೆಗೆದ ವಿಡಿಯೊ ನೀಲಿ ನೀಲಿಯಾಗಿದ್ದರೆ ‘ದುಃಖ ತೋರಿಸಲು ನೀಲಿ ಬಣ್ಣ ಬಳಸಿದ್ದಾರೆ’ ಅಂತ ಬರೆಯಲು ಅವಸರ ಮಾಡಬೇಡಿ. ಮೋಡದ ಬೆಳಕೇ ನೀಲಿ. ಸ್ಟಾಪ್ ಮೋಷನ್ (ಗೊಂಬೆಯನ್ನು ಚೂರುಚೂರೇ ಸರಿಸಿ, ಒಂದೊಂದೇ ಫೋಟೊ ತೆಗೆದು ಮಾಡುವ ಆ್ಯನಿಮೇಷನ್) ಮಿಣಮಿಣ ಅನ್ನುತ್ತಿದ್ದರೆ, ಮೋಡ ಸರಿದ ಹಾಗೆ ಫೋನು ತಾನೇ ಬೆಳಕು ಹೊಂದಿಸಿಕೊಂಡಿರುತ್ತದೆ. ಬೆಳಕಿನ ಅಳತೆ ತಾನಾಗಿ ಬದಲಾಗದ ಹಾಗೆ ಎಕ್ಸ್‌ಪೋಷರ್ ಲಾಕ್ ಮಾಡಲು ಹೇಳಿಕೊಟ್ಟರೆ ಸಾಕು. ಇನ್ನೊಂದು ಕಡೆ, ಹಸಿರೇ ತುಂಬಿದ ತೋಟದಲ್ಲಿ ಮೂರು ಶಾಟ್‌ನಲ್ಲೂ ಅದೇ ಕೆಂಪು ಛತ್ರಿ ಬಂದರೆ ಅದು ಸುಮ್ಮನೆ ಬಂದಿದ್ದಲ್ಲ. ಒಂದು ಸಲ ಬಂದರೆ ಆಕಸ್ಮಿಕ ಇರಬಹುದು, ಮತ್ತೆ ಮತ್ತೆ ಬಂದರೆ ಯೋಚನೆ ಮಾಡಿಯೇ ಇಟ್ಟಿದ್ದಾರೆ. ಅನುಮಾನ ಇದ್ದರೆ ಕೇಳಿ. ‘ಯಾಕೆ ಹೀಗೆ ಮಾಡಿದೆ?’ ಅಂದರೆ ಮಕ್ಕಳು ಹೆದರುತ್ತಾರೆ. ‘ಈ ಛತ್ರಿ ಇಲ್ಲಿಗೆ ಹೇಗೆ ಬಂತು ಪುಟ್ಟಾ?’ ಅಂದರೆ ಬಾಯಿ ಬಿಡುತ್ತಾರೆ.

ಬರೆದು ಕೊಡಿ

ಅಭಿಪ್ರಾಯವನ್ನು ಕಾಗದದಲ್ಲಿ ಬರೆದೇ ಕೊಡಿ, ಅರ್ಧ ಪುಟ ಸಾಕು. ಮೊದಲು ನಿಮಗೆ ಅರ್ಥವಾದ ಕಥೆ. ಆಮೇಲೆ ತಿರುವಿನ ಶಾಟ್ ಯಾವುದು, ಅದು ಯಾಕೆ ನಾಟಿತು. ಕೊನೆಗೆ ನಿಮಗೆ ಅರ್ಥವಾಗದ ಒಂದು ಜಾಗ, ಸೆಕೆಂಡ್ ಸಮೇತ. ‘ಎಡಿಟಿಂಗ್ ಸುಧಾರಿಸಬೇಕು’ ಅಂದರೆ ಮಗು ಏನು ಮಾಡಬೇಕು? ‘0:42ರಲ್ಲಿ ಮನೆ ಯಾರದ್ದು ಅಂತ ಗೊತ್ತಾಗಲಿಲ್ಲ’ ಅಂದರೆ ಅದು ಇವತ್ತು ಸಂಜೆಯೇ ಸರಿಮಾಡುತ್ತದೆ.

ಇನ್ನೊಂದು ಮಾತು. ವಾಟ್ಸ್‌ಆ್ಯಪ್‌ನಲ್ಲಿ ಬಂದ ವಿಡಿಯೊ ನೋಡಿ ಬೆಳಕು, ಬಣ್ಣದ ಬಗ್ಗೆ ತೀರ್ಪು ಕೊಡಬೇಡಿ. ಅದು ಫೈಲನ್ನು ಕುಗ್ಗಿಸಿ ಕಳಿಸುತ್ತದೆ, ಕತ್ತಲಿನ ದೃಶ್ಯಗಳು ಚೌಕಚೌಕವಾಗಿ ಒಡೆಯುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲವೇ ಪೆನ್‌ಡ್ರೈವ್‌ನಲ್ಲಿ ತರಿಸಿಕೊಳ್ಳಿ.