ಕಿಟಕಿ ಕಟ್ಟೆಯ ಕಪ್ಪು ಧೂಳನ್ನು ನಾನು ಅಳೆದ ಬಗೆ

ಬಂದರಿನ ಬೇಲಿಗೆ ತಾಗಿಕೊಂಡಂತಿರುವ ಮನೆಗಳಿಗೆ ನಾನು ಮೊದಲು ಒಯ್ದಿದ್ದು ಅಂಗೈಯಗಲದ ಒಂದು ಲೇಸರ್ ಸೆನ್ಸರ್. ಪಿಎಂ 2.5, ಅಂದರೆ ಗಾಳಿಯಲ್ಲಿ ತೇಲುವ 2.5 ಮೈಕ್ರೋಮೀಟರ್‌ವರೆಗಿನ ಸಣ್ಣ ಕಣ, ತೋರಿಸುವಂಥದ್ದು. ಮೂರು ವಾರ ಇಟ್ಟೆ. ನಂಬರ್ ಹೇಳಿಕೊಳ್ಳುವಷ್ಟು ಏರಲೇ ಇಲ್ಲ. ಆ ಮನೆಯಾಕೆ ನನ್ನನ್ನು ಕಿಟಕಿಯ ಹತ್ತಿರ ಕರೆದು ಕಟ್ಟೆಯ ಮೇಲೆ ಬೆರಳೆಳೆದರು. ಬೆರಳ ತುದಿ ಕಪ್ಪಾಯಿತು. “ಬೆಳಿಗ್ಗೆ ತಾನೇ ಒರೆಸಿದ್ದೆ. ನಿಮ್ಮ ಮೆಷಿನ್‌ಗೆ ಇದು ಕಾಣಲ್ವಾ?” ಎಂದು ಕೇಳಿದರು.

ನಿಜವಾಗಿಯೂ ಕಾಣುತ್ತಿರಲಿಲ್ಲ. ಹಡಗಿನ ಎಂಜಿನ್ ಮತ್ತು ಲಾರಿಗಳ ಹೊಗೆಯಲ್ಲಿರುವುದು ತೀರಾ ಸಣ್ಣ ಕಣ. ಕ್ರೇನ್ ಕಲ್ಲಿದ್ದಲನ್ನೋ ಅದಿರನ್ನೋ ಎತ್ತಿ ಸುರಿಯುವಾಗ ಏಳುವ ಧೂಳು ಬಹುಪಾಲು ದಪ್ಪ. ಅಗ್ಗದ ಸೆನ್ಸರ್‌ನ ಪುಟ್ಟ ಫ್ಯಾನಿಗೆ ಅದನ್ನು ಸರಿಯಾಗಿ ಒಳಗೆಳೆಯಲು ಆಗುವುದಿಲ್ಲ. ಅಂಥವು ಪಿಎಂ 10 (10 ಮೈಕ್ರೋಮೀಟರ್‌ವರೆಗಿನ ಕಣ) ಎಂದು ತೋರಿಸುವ ಅಂಕಿಯೂ ಹೆಚ್ಚಾಗಿ ಸಣ್ಣ ಕಣಗಳಿಂದ ಲೆಕ್ಕ ಹಾಕಿದ ಅಂದಾಜು. ಅದನ್ನು ನಂಬಿ “ಇಲ್ಲಿ ಗಾಳಿ ಚೆನ್ನಾಗಿದೆ” ಎಂದು ಬರೆದುಬಿಟ್ಟಿದ್ದರೆ ಆ ಜನರಿಗೆ ದೊಡ್ಡ ಅನ್ಯಾಯ ಆಗುತ್ತಿತ್ತು.

ಹಾಗಾಗಿ ಹಳೆಯ ವಿಧಾನಕ್ಕೇ ಹೋದೆ: ಜಾಡಿ. ಬಾಯಿ 15 ಸೆಂಟಿಮೀಟರ್ ಅಗಲ, ಗೋಡೆ ನೇರ. ಆಳಿಗಿಂತ ಎತ್ತರದ ಕಂಬದ ಮೇಲೆ ಕೂರಿಸಿ, ತಳದಲ್ಲಿ ಸ್ವಲ್ಪ ಶುದ್ಧ ನೀರು ಬಿಟ್ಟೆ. ನೀರಿದ್ದರೆ ಬಿದ್ದ ಧೂಳು ಗಾಳಿಗೆ ಮತ್ತೆ ಹಾರುವುದಿಲ್ಲ. 30 ದಿನ ಹಾಗೇ ಬಿಡಬೇಕು. ಆಮೇಲೆ ನೀರನ್ನು, ಮೊದಲೇ ತೂಗಿಟ್ಟ ಫಿಲ್ಟರ್ ಕಾಗದದಲ್ಲಿ ಸೋಸಿ, ಕಾಗದ ಒಣಗಿಸಿ ಮತ್ತೆ ತೂಗಬೇಕು. ಈ ಅಳತೆಯ ಜಾಡಿಯಲ್ಲಿ 70 ಮಿಲಿಗ್ರಾಂ ಸಿಕ್ಕರೆ ಅದು ಚದರ ಮೀಟರಿಗೆ ತಿಂಗಳಿಗೆ ಸುಮಾರು 4 ಗ್ರಾಂ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ ಬೀಳುವ ಧೂಳಿಗೆ ಇಟ್ಟುಕೊಂಡಿರುವ ಮಿತಿಯೂ, ವರ್ಷದ ಸರಾಸರಿಯಲ್ಲಿ, ಅಷ್ಟೇ. 70 ಮಿಲಿಗ್ರಾಂ ಅಂದರೆ ಒಂದು ಚಿಟಿಕೆಯೂ ಅಲ್ಲ. ಮಿಲಿಗ್ರಾಂ ಹಿಡಿಯುವ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಮುಚ್ಚಳ ಹಾಕಿದ ಒಂದು ಜಾಡಿಯನ್ನೂ ಪಕ್ಕದಲ್ಲಿಡಿ. ಅದರಲ್ಲೂ ತೂಕ ಬಂದರೆ ತಪ್ಪು ನಮ್ಮ ಕೈಯಲ್ಲೇ ಇದೆ ಅಂತ ಅರ್ಥ.

ಮೊದಲ ತಿಂಗಳ ಒಂದು ಜಾಡಿ ಪೂರ್ತಿ ಹಾಳಾಯಿತು. ಮರದ ಕೆಳಗೆ ಇಟ್ಟಿದ್ದೆ. ಎಲೆ, ಹುಳ, ಹಕ್ಕಿಯ ಹಿಕ್ಕೆ ಎಲ್ಲ ಸೇರಿತ್ತು. ಅದನ್ನು ಲೆಕ್ಕದಿಂದಲೇ ಕೈಬಿಟ್ಟೆ.

ಸಮುದ್ರದ ಉಪ್ಪೂ ಜಾಡಿಗೆ ಬೀಳುತ್ತದೆ, ಅಲ್ವಾ? ಉಪ್ಪು ನೀರಿನಲ್ಲಿ ಕರಗಿ ಕಾಗದದಿಂದ ಇಳಿದು ಹೋಗುತ್ತದೆ. ಕಾಗದದ ಮೇಲೆ ಉಳಿದದ್ದನ್ನು ಲ್ಯಾಬಿನ ಕುಲುಮೆಯಲ್ಲಿ ಸುಟ್ಟರೆ ಕಲ್ಲಿದ್ದಲು, ಧಾನ್ಯದ ಹೊಟ್ಟು, ಪರಾಗ ಬಹುಪಾಲು ಉರಿದು ಹೋಗುತ್ತವೆ. ಅದಿರು, ಮರಳು, ಸಿಮೆಂಟ್ ಉಳಿಯುತ್ತವೆ. ಧೂಳು ಯಾವುದು ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಪೂರ್ತಿ ಉತ್ತರಕ್ಕೆ ಮೈಕ್ರೋಸ್ಕೋಪ್ ಬೇಕು.

ಆದರೆ ಜಾಡಿ ಹೇಳುವುದು ತಿಂಗಳ ಮೊತ್ತ. ಧೂಳು ಯಾವ ಹೊತ್ತಿಗೆ, ಯಾವ ಕಡೆಯಿಂದ ಬಂತು ಅಂತ ಅದು ಹೇಳುವುದಿಲ್ಲ. ಅದಕ್ಕೆ ದಪ್ಪ ಕಣವನ್ನೂ ಹಿಡಿಯುವ ಎರಡು ಪಿಎಂ 10 ಉಪಕರಣ ತಂದೆ. ಒಂದು ಬಂದರಿನ ಈಚೆ, ಇನ್ನೊಂದು ಆಚೆ. ಜೊತೆಗೆ ಗಾಳಿಯ ದಿಕ್ಕು, ವೇಗ ಬರೆದಿಡುವ ಯಂತ್ರ. ಗಾಳಿ ಬರುವ ಕಡೆಯ ಅಂಕಿಯನ್ನು ಗಾಳಿ ಹೋಗುವ ಕಡೆಯ ಅಂಕಿಯಿಂದ ಕಳೆದರೆ ನಡುವೆ ಎಷ್ಟು ಸೇರಿತು ಅಂತ ತಿಳಿಯುತ್ತದೆ. ಇಡುವ ಮೊದಲು ಎರಡನ್ನೂ ಸರ್ಕಾರಿ ಮಾಪನ ಕೇಂದ್ರದ ಪಕ್ಕ ಎರಡು ವಾರ ಇಟ್ಟು ಹೋಲಿಸಿದೆ. ಇದನ್ನು ಬಿಟ್ಟರೆ ನಾಳೆ ಯಾರಾದರೂ ಪ್ರಶ್ನಿಸಿದಾಗ ಬಾಯಿ ಕಟ್ಟಿಹೋಗುತ್ತದೆ.

ಬೆಳಗಿನ ಜಾವ ಅಂಕಿ ಸುಮ್ನೆ ಜಿಗಿಯುತ್ತಿತ್ತು. ಬಂದರಿನಲ್ಲಿ ಕೆಲಸವೇ ಇರಲಿಲ್ಲ. ಗಾಳಿಯ ತೇವ 75 ಶೇಕಡಾ ದಾಟಿದರೆ ಉಪ್ಪಿನ ಕಣ ನೀರು ಕುಡಿದು ಉಬ್ಬುತ್ತದೆ, ಸೆನ್ಸರ್ ಅದನ್ನೂ ಧೂಳೆಂದು ಎಣಿಸುತ್ತದೆ. ಆ ಹೊತ್ತಿನ ಅಂಕಿಗಳನ್ನು ಬೇರೆ ಇಟ್ಟೆ.

ನನಗೆ ಎಲ್ಲಕ್ಕಿಂತ ಜಾಸ್ತಿ ನೆರವಾದದ್ದು ಆ ಮನೆಯಾಕೆಯ ನೋಟ್‌ಬುಕ್. ಬಟ್ಟೆ ಒಣಹಾಕಿದ ಹೊತ್ತು, ಕಪ್ಪಾದ ಹೊತ್ತು, ಧಕ್ಕೆಯಲ್ಲಿ ಹಡಗಿತ್ತೇ, ಕ್ರೇನ್ ಓಡುತ್ತಿತ್ತೇ, ಎಲ್ಲ ಬರೆದಿದ್ದರು. ಅದನ್ನು ಹತ್ತು ಹತ್ತು ನಿಮಿಷದ ಅಂಕಿಗಳ ಪಕ್ಕ ಇಟ್ಟೆ. ಒಣ ಗಾಳಿ ಬಂದರಿನಿಂದ ಬೀಸುವಾಗ, ಸರಕು ಇಳಿಸುತ್ತಿರುವಾಗ ಏರಿಕೆ ಕಂಡಿತು. ಅದು ನಿರೀಕ್ಷಿಸಿದ್ದೇ. ಹಡಗೇ ಇಲ್ಲದ ದಿನಗಳಲ್ಲೂ ಸಂಜೆ ಏರುತ್ತಿತ್ತು. ಆ ಹೊತ್ತಿಗೆ ಬಂದರಿನ ಗೇಟಿನ ರಸ್ತೆಗೆ ಹೋಗಿ ನಿಂತು ನೋಡಿದೆ. ಲಾರಿಗಳಿಂದ ಉದುರಿದ್ದ ಪುಡಿಯನ್ನು ಹಿಂದೆ ಬಂದ ಲಾರಿಗಳ ಚಕ್ರ ಮತ್ತೆ ಎಬ್ಬಿಸುತ್ತಿತ್ತು.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಪ್ರಕಾರ ಪಿಎಂ 10 ದಿನದ ಸರಾಸರಿ ಘನ ಮೀಟರಿಗೆ 45 ಮೈಕ್ರೋಗ್ರಾಂ ದಾಟಬಾರದು. ಆದರೆ 24 ಗಂಟೆಯ ಸರಾಸರಿಯಲ್ಲಿ ಆ ಸಂಜೆಯ ಅರ್ಧ ಗಂಟೆ ಕರಗಿಹೋಗುತ್ತದೆ. ಅದಕ್ಕೇ ಈ ಧೂಳಿನ ಬಗ್ಗೆ ನಡೆದ ಸಭೆಗೆ ಸರಾಸರಿಯ ಜೊತೆ ಹತ್ತು ನಿಮಿಷದ ಗ್ರಾಫ್, ನೋಟ್‌ಬುಕ್, ಫಿಲ್ಟರ್ ಕಾಗದಗಳನ್ನೂ ಒಯ್ದೆ. ಕಾಗದಗಳನ್ನು ಸಾಲಾಗಿ ಮೇಜಿನ ಮೇಲಿಟ್ಟೆ. ದೂರದ ಮನೆಯದು ಬೂದು, ಬೇಲಿ ಪಕ್ಕದ್ದು ಕಪ್ಪು. ಬಂದವರು ಗ್ರಾಫ್ ಬಿಟ್ಟು ಅದನ್ನೇ ನೋಡುತ್ತಾ ನಿಂತರು. “ಇದು ಯಾವ ಗೇಟಿನ ರಸ್ತೆ?” ಎಂದು ಒಬ್ಬರು ಕೇಳಿದರು.

ಆ ರಸ್ತೆಯ ಬದಿಗೂ ಈಗ ಒಂದು ಜಾಡಿ ಇಟ್ಟಿದ್ದೇವೆ. ನೋಡಿಕೊಳ್ಳುತ್ತಿರುವುದು ಆ ಮನೆಯಾಕೆಯೇ. ಅದನ್ನು ಇಳಿಸಲು ಇನ್ನೂ 11 ದಿನ ಇದೆ.