ಬೂದಿಯಿಂದ ಲೋಹ ತೆಗೆಯಲು ಹೋಗಿ ಹಾಲುಬಾಯಿ ಮಾಡಿದ ಕಥೆ

ಎಂಟೆಕ್ ಪ್ರಾಜೆಕ್ಟಿಗೆ ಕಲ್ಲಿದ್ದಲು ಉರಿದ ಮೇಲೆ ಉಳಿಯುವ ಬೂದಿ ಬೇಕಾಗಿತ್ತು. ರಾಯಚೂರಿನ ಶಕ್ತಿನಗರದ ಹತ್ತಿರ ಬೂದಿ ಇಟ್ಟಿಗೆ ಮಾಡುವ ಒಬ್ಬರನ್ನು ಎರಡು ಚೀಲ ಕೇಳಿದೆ. ಅವರು ನಕ್ಕುಬಿಟ್ಟರು. "ಬೂದ್ಯಾಗ ಬಂಗಾರ ಹುಡುಕಾಕ ಹೊಂಟೀರೇನ್ರಿ? ಬಂಗಾರ ಬೇಕಂದ್ರ ಹಟ್ಟಿಗೆ ಹೋಗ್ರಿ." ಬಂಗಾರ ಅಲ್ಲಣ್ಣ, ನಿಯೋಡಿಮಿಯಮ್ ಅಂದೆ, ಸ್ಪೀಕರು, ಎಲೆಕ್ಟ್ರಿಕ್ ಗಾಡಿಯ ಮೋಟರು, ಇವುಗಳ ಮ್ಯಾಗ್ನೆಟ್ಟಿಗೆ ಹಾಕೋ ಲೋಹ. ಹೂಂ ಅಂದರು, ಚೀಲ ಕೊಟ್ಟರು, ದುಡ್ಡು ತಗೊಳ್ಳಲಿಲ್ಲ.

ಅವರು ನಕ್ಕಿದ್ದರಲ್ಲಿ ತಪ್ಪೇನಿಲ್ಲ. ಆದರೆ ವಿಷಯ ನಿಜ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ 30ರಿಂದ 45 ಭಾಗ ಬೂದಿಯೇ ಇರುತ್ತದೆ. ಇಂಗಾಲ ಉರಿದು ಹೋಗುತ್ತದೆ, ಮಣ್ಣಿನ ಜೊತೆ ಇದ್ದ ಲೋಹಗಳು ಉಳಿದ ಬೂದಿಯಲ್ಲಿ ಇನ್ನೂ ದಟ್ಟವಾಗುತ್ತವೆ. ನಿಯೋಡಿಮಿಯಮ್ ಸೇರಿದ, ರೇರ್ ಅರ್ತ್ ಅನ್ನುವ ಲೋಹಗಳ ಗುಂಪು ಜಗತ್ತಿನ ಕಲ್ಲಿದ್ದಲು ಬೂದಿಯಲ್ಲಿ ಸರಾಸರಿ ಟನ್ನಿಗೆ 400 ಗ್ರಾಂ ಇದೆ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಅದೇ ಟನ್ನಿನಲ್ಲಿ ಅಲ್ಯೂಮಿನಿಯಂ 100 ಕಿಲೋಗಿಂತ ಜಾಸ್ತಿ ಇರುತ್ತದೆ, ಕಬ್ಬಿಣ ಹತ್ತಾರು ಕಿಲೋ. ಜಾತ್ರೆಯಲ್ಲಿ ಕಳೆದುಹೋದ ಮಗುವನ್ನು ಹುಡುಕಿದ ಹಾಗೆ.

ಮೊದಲು ಸುಮ್ನೆ ಆಸಿಡ್ ಹಾಕಿ ನೋಡಿದೆ. ಹೈಡ್ರೋಕ್ಲೋರಿಕ್ ಆಸಿಡ್, 85 ಡಿಗ್ರಿ ಬಿಸಿ, ನಾಲ್ಕು ಗಂಟೆ ಕಲಕಿದೆ. ರೇರ್ ಅರ್ತ್ ಬಂದದ್ದು ನೂರಕ್ಕೆ 20ರ ಆಸುಪಾಸು. ಕಾರಣ ಬಾಯ್ಲರಿನ ಉರಿ. ಆ ಉರಿಯಲ್ಲಿ ಮಣ್ಣು ಕರಗಿ, ಮೇಲೆ ಹಾರುತ್ತಾ ಥಟ್ಟನೆ ತಣ್ಣಗಾಗಿ ಸಣ್ಣ ಸಣ್ಣ ಗಾಜಿನ ಗೋಲಿಗಳಾಗುತ್ತದೆ, ನಮ್ಮ ಲೋಹ ಆ ಗಾಜಿನೊಳಗೆ ಸಿಕ್ಕಿಕೊಂಡಿರುತ್ತದೆ. ಗಾಜಿಗೆ ಆಸಿಡ್ ಏನು ಮಾಡುತ್ತೆ ಹೇಳಿ, ಆಸಿಡ್ ಇಡೋದೇ ಗಾಜಿನ ಬಾಟಲಿಯಲ್ಲಿ! 2016ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಇದನ್ನೇ ತೋರಿಸಿದ್ದರು. ಅಲ್ಲಿನ ಪೂರ್ವದ ಅಪಲಾಚಿಯನ್ ಬೆಟ್ಟಗಳ ಕಲ್ಲಿದ್ದಲಿನ ಬೂದಿಯಲ್ಲಿ ಲೋಹ ಜಾಸ್ತಿ, ಆದರೆ ಆಸಿಡ್ಡಿಗೆ ಕಡಿಮೆ ಬಿಡುತ್ತದೆ. ಪಶ್ಚಿಮದ ಪೌಡರ್ ರಿವರ್ ಕಡೆಯದರಲ್ಲಿ ಲೋಹ ಕಡಿಮೆ, ಆದರೆ ಕ್ಯಾಲ್ಸಿಯಂ ಹೆಚ್ಚು ಇರೋದರಿಂದ ಸುಲಭವಾಗಿ ಬಿಡುತ್ತದೆ. ನಮ್ಮ ಬೂದಿಯಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ. ಅಂದರೆ ಹಟಮಾರಿ ಜಾತಿ.

ಹಾಗಾಗಿ ಗಾಜನ್ನೇ ಒಡೆಯಬೇಕು. ಮೊದಲು 45 ಮೈಕ್ರಾನ್ ಜರಡಿ ಹಿಡಿದೆ, ಸಣ್ಣ ಪುಡಿಯಲ್ಲಿ ಲೋಹ ಸ್ವಲ್ಪ ಹೆಚ್ಚಿರುತ್ತದೆ. ಆಮೇಲೆ ಬೂದಿಯನ್ನು ನೀರಲ್ಲಿ ಕಲಸಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಮ್ಯಾಗ್ನೆಟ್ ಆಡಿಸಿ ಕಬ್ಬಿಣದ ಕಣ ತೆಗೆದೆ. ಕವರು ಮರೆತು ಬರೀ ಮ್ಯಾಗ್ನೆಟ್ ಅದ್ದಿದರೆ ಅದರ ಮೈಗೆ ಅಂಟಿದ ಕಪ್ಪು ಪುಡಿ ಜನ್ಮದಲ್ಲಿ ಬಿಡುವುದಿಲ್ಲ, ನನ್ನದೊಂದು ಮ್ಯಾಗ್ನೆಟ್ ಇನ್ನೂ ಹಾಗೇ ಇದೆ. ನಂತರ ಬೂದಿಯ ತೂಕದಷ್ಟೇ ಕಾಸ್ಟಿಕ್ ಸೋಡಾ ಬೆರೆಸಿ, ಮಫಲ್ ಫರ್ನೇಸಿನಲ್ಲಿ 450 ಡಿಗ್ರಿಗೆ ಎರಡು ಗಂಟೆ. ಮೊದಲ ಸಲ ಪಿಂಗಾಣಿ ಕ್ರೂಸಿಬಲ್ (ಮೂಸೆ) ಇಟ್ಟೆ. ಕಾಸ್ಟಿಕ್ ಅದರ ಹೊಳಪನ್ನೆಲ್ಲ ತಿಂದು, ಕೊನೆಗೆ ಬಿರುಕು ಬಿಟ್ಟು, ಅರ್ಧ ಮಾಲು ಫರ್ನೇಸಿನ ತಳಕ್ಕೆ ಅಂಟಿತು. ಲ್ಯಾಬ್ ಅಟೆಂಡರ್ ಅಣ್ಣ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ನಿಕ್ಕಲ್ ಕ್ರೂಸಿಬಲ್ ಬಳಸಿ.

ಈಗ ಹಾಲುಬಾಯಿಯ ವಿಷಯ. ಹುರಿದ ಗಟ್ಟಿಯನ್ನು ಬಿಸಿನೀರಲ್ಲಿ ತೊಳೆದರೆ ಗಾಜಿನ ಮುಖ್ಯ ಅಂಶವಾದ ಸಿಲಿಕಾದ ಒಂದಷ್ಟು ಪಾಲು ಸೋಡಿಯಂ ಸಿಲಿಕೇಟ್ ಆಗಿ ನೀರಿಗೆ ಹೋಗುತ್ತದೆ, ರೇರ್ ಅರ್ತ್ ಗಟ್ಟಿಯಲ್ಲೇ ಉಳಿಯುತ್ತದೆ. ನಾನು ಅವಸರಕ್ಕೆ ಒಂದೇ ಸಲ ತೊಳೆದು, ಆ ಕೆಸರಿಗೆ ನಿಧಾನಕ್ಕೆ, ಬಹಳ ಹುಷಾರಾಗಿ ಅಂದುಕೊಂಡು, ತೊಟ್ಟು ತೊಟ್ಟಾಗಿ ಆಸಿಡ್ ಬಿಡುತ್ತಾ ಹೋದೆ. ಊಟ ಮಾಡಿ ಬರುವಷ್ಟರಲ್ಲಿ ಬೀಕರು ಪೂರ್ತಿ ಗಟ್ಟಿ. ಕಲಕುವ ಕಡ್ಡಿ ನಡುವೆ ನೆಟ್ಟಗೆ ನಿಂತಿತ್ತು. ಬೀಕರು ಬೋರಲು ಹಾಕಿದರೂ ಬೀಳಲಿಲ್ಲ. ಚಾಕು ತಗೊಂಡು ತುಂಡು ಮಾಡಿ, ಮೇಲೆ ಏಲಕ್ಕಿ ಉದುರಿಸಿ ಹಂಚಬಹುದಿತ್ತು, ಅಷ್ಟು ಚೆಂದದ ಹಾಲುಬಾಯಿ. ಫಿಲ್ಟರ್ ಮಾಡೋ ಮಾತೇ ಇಲ್ಲ, ಅದರೊಳಗೆ ಲೋಹವೂ ಸೇರಿ ಹೋಯಿತು.

ಆಗಿದ್ದು ಇಷ್ಟೇ. ಕರಗಿದ ಸಿಲಿಕಾ ಗಟ್ಟಿಯಾಗಲು ಹಾತೊರೆಯುವುದು ಪಿಎಚ್ (ಆಸಿಡ್-ಕ್ಷಾರದ ಅಳತೆ) ಐದರಿಂದ ಎಂಟರ ನಡುವೆ. ಕ್ಷಾರದ ಕೆಸರಿಗೆ ನಿಧಾನವಾಗಿ ಆಸಿಡ್ ಹಾಕಿದರೆ ನಾವೇ ಅದನ್ನು ಆ ಜಾಗದಲ್ಲಿ ಗಂಟೆಗಟ್ಟಲೆ ಕೂರಿಸಿದ ಹಾಗಾಗುತ್ತದೆ. ಉಲ್ಟಾ ಮಾಡಬೇಕು. ಗಟ್ಟಿಯನ್ನು ನಾಲ್ಕೈದು ಸಲ ಚೆನ್ನಾಗಿ ತೊಳೆದು, ಕಲಕುತ್ತಿರುವ ಆಸಿಡ್ಡಿಗೆ ಅದನ್ನೇ ಚಮಚ ಚಮಚವಾಗಿ ಹಾಕಬೇಕು, ಕೊನೆಯವರೆಗೂ ಪಿಎಚ್ ಒಂದರ ಹತ್ತಿರವೇ ಇರಬೇಕು, ಮತ್ತು ಧಾರಾಳವಾಗಿ ದ್ರಾವಣ ಇರಬೇಕು. ನಾನು 1 ಗ್ರಾಂ ಗಟ್ಟಿಗೆ 20 ಎಂಎಲ್ ಇಟ್ಟೆ. ಬಿಸಿಯನ್ನೂ ಜಾಸ್ತಿ ಮಾಡಲಿಲ್ಲ, ಮಾಡಿದ ಮೇಲೆ ರಾತ್ರಿ ಇಡದೆ ಆಗಲೇ ಸೋಸಿದೆ. ಇಷ್ಟು ತಿಳಿಯಲು ಎರಡು ತಿಂಗಳು ಹಿಡಿಯಿತು. ಪೇಪರುಗಳಲ್ಲಿ ಇದಕ್ಕೆ ಒಂದು ಸಾಲು ಇರುತ್ತದೆ, ಸೋಸಲಾಯಿತು ಅಂತ.

ಇಷ್ಟಾದ ಮೇಲೆ ರೇರ್ ಅರ್ತ್ ನೂರಕ್ಕೆ 80ರ ಮೇಲೆ ದ್ರಾವಣಕ್ಕೆ ಬಂತು. ಟೆಸ್ಟಿಗೆ ಕಳಿಸಿದ ಮೊದಲ ರಿಪೋರ್ಟಿನಲ್ಲಿ ಅದೇ ಗುಂಪಿನ ಯೂರೋಪಿಯಂ ವಿಪರೀತ ಇತ್ತು, ನಾನು ಕುಣಿದಾಡಿದೆ. ಗೈಡ್ ಮೇಡಂ ರಿಪೋರ್ಟ್ ನೋಡಿ, "ಬೂದಿಯಲ್ಲಿ ಬೇರಿಯಂ ಎಷ್ಟಿದೆ ನೋಡಿದ್ಯೇನಪ್ಪಾ?" ಅಂದರು. ಬೇರಿಯಂ 135ಕ್ಕೆ ಒಂದು ಆಮ್ಲಜನಕ ಸೇರಿದರೆ ತೂಕ 151, ಯೂರೋಪಿಯಂನ ಒಂದು ಬಗೆಯ ತೂಕವೂ 151. ತೂಕ ನೋಡಿ ಧಾತು ಗುರುತಿಸುವ ಐಸಿಪಿ ಮಾಸ್ ಯಂತ್ರಕ್ಕೆ ಎರಡೂ ಒಂದೇ. ಕುಣಿತ ನಿಂತಿತು.

ಬೇರ್ಪಡಿಸುವ ಕೆಲಸವನ್ನು ಚುಟುಕಾಗಿ ಹೇಳುತ್ತೇನೆ. ಸೀಮೆಎಣ್ಣೆಯಲ್ಲಿ ಡಿಟುಇಎಚ್‌ಪಿಎ ಅನ್ನುವ, ಲೋಹ ಹಿಡಿದುಕೊಳ್ಳುವ ರಾಸಾಯನಿಕ ಬೆರೆಸಿ ದ್ರಾವಣದ ಜೊತೆ ಅಲುಗಾಡಿಸಿದರೆ ರೇರ್ ಅರ್ತ್ ಎಣ್ಣೆಗೆ ಹೋಗುತ್ತದೆ. ಆದರೆ ಫೆರಿಕ್ ಕಬ್ಬಿಣ ಅದಕ್ಕಿಂತ ಮೊದಲೇ ನುಗ್ಗುತ್ತದೆ, ಅದಕ್ಕೇ ಮುಂಚೆ ಆಸ್ಕಾರ್ಬಿಕ್ ಆಸಿಡ್, ಅಂದರೆ ವಿಟಮಿನ್ ಸಿ, ಹಾಕಿ ಅದನ್ನು ಎಣ್ಣೆಗೆ ಅಷ್ಟಾಗಿ ಹೋಗದ ಫೆರಸ್ ಮಾಡಿಕೊಳ್ಳಬೇಕು. ಅಷ್ಟು ಸೋಸಿದ್ದರೂ ಸಿಲಿಕಾ ಇಲ್ಲೂ ಬಿಡಲಿಲ್ಲ, ಎಣ್ಣೆ ನೀರಿನ ನಡುವೆ ಕೆನೆಯ ಹಾಗೆ ಕೂತಿತು. ರೇರ್ ಅರ್ತನ್ನು ಎಣ್ಣೆಯಿಂದ ಪ್ರಬಲ ಆಸಿಡ್ಡಿಗೆ ಇಳಿಸಿ, ಪಿಎಚ್ ಏರಿಸಿ, ಆಕ್ಸಾಲಿಕ್ ಆಸಿಡ್ ಹಾಕಿದಾಗ ಬಿಳಿ ಪುಡಿ ತಳಕ್ಕೆ ಇಳಿಯಿತು. 850 ಡಿಗ್ರಿಗೆ ಸುಟ್ಟರೆ ತಿಳಿ ಕಂದು ಬಣ್ಣ, ಅದು ಪ್ರೇಸಿಯೋಡಿಮಿಯಮ್ ಕೊಡುವ ಬಣ್ಣ.

ಅರ್ಧ ಕಿಲೋ ಬೂದಿಯಿಂದ ಸಿಕ್ಕಿದ್ದು 90 ಮಿಲಿಗ್ರಾಂ. ಅದರಲ್ಲೂ ಕ್ಯಾಲ್ಸಿಯಂ ನುಸುಳಿತ್ತು, ಅದೂ ಆಕ್ಸಲೇಟ್ ಆಗಿ ಇಳಿಯುತ್ತದಲ್ಲ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಸೀರಿಯಂ, ಲ್ಯಾಂಥನಮ್, ಎರಡಕ್ಕೂ ಬೆಲೆ ಇಲ್ಲ. ಲೆಕ್ಕ ಹಾಕಿದರೆ ಒಂದು ಟನ್ ಬೂದಿಯ ನಿಯೋಡಿಮಿಯಮ್ಮಿಗೆ ಕೆಲವು ನೂರು ರೂಪಾಯಿ, ಅದಕ್ಕೆ ಸುರಿದ ಒಂದು ಟನ್ ಕಾಸ್ಟಿಕ್ಕಿಗೆ ಹತ್ತಾರು ಸಾವಿರ. ವಿಕಿರಣ ಸೂಸುವ ಥೋರಿಯಂ ಕೂಡ ಹಿಂದೆಯೇ ಬರುತ್ತದೆ, ಅದರ ತಲೆನೋವು ಬೇರೆ. ಚೀನಾದ ಒಳ ಮಂಗೋಲಿಯಾದ ಜುಂಗಾರ್ ಬೂದಿಯಲ್ಲಿ ಅಲ್ಯೂಮಿನಿಯಂ ತೆಗೆಯುವ ಅಲ್ಯೂಮಿನಾನೇ ಹೆಚ್ಚೂಕಡಿಮೆ ಅರ್ಧ, ಗ್ಯಾಲಿಯಂ ಬೇರೆ ಇದೆ. ಯುನಾನ್‌ನ ಲಿನ್‌ತ್ಸಾಂಗ್ ಕಲ್ಲಿದ್ದಲಿನಲ್ಲಿ ಜರ್ಮೇನಿಯಂ. ಅವರಿಗೆ ಲೆಕ್ಕ ಕೂಡಬಹುದು. ನಮಗೆ ಕೂಡಬೇಕಾದರೆ ಮೊದಲು ತೊಳೆದ ನೀರನ್ನು, ಆ ಸೋಡಿಯಂ ಸಿಲಿಕೇಟನ್ನು, ಮಾರಬೇಕು ಅಂತ ನನ್ನ ಅನಿಸಿಕೆ. ಆಮೇಲೆ ಅಲ್ಯೂಮಿನಾ. ರೇರ್ ಅರ್ತ್ ಕೊನೆಗೆ, ಕೊಸರು ಸಿಕ್ಕ ಹಾಗೆ.

ಆ ಸಿಲಿಕೇಟ್ ನೀರನ್ನು ಗಾಜಿನ ಬಾಟಲಿಯಲ್ಲಿ ತುಂಬಿ ಗಾಜಿನ ಬಿರಡೆ ಹಾಕಿಟ್ಟಿದ್ದೆ. ತಿಂಗಳು ಬಿಟ್ಟು ತೆಗೆಯಲು ಹೋದರೆ ಬಿರಡೆ ಬಾಟಲಿಗೆ ಅಂಟಿ ಒಂದಾಗಿತ್ತು, ಕೊನೆಗೆ ಕತ್ತು ಒಡೆದೇ ತೆಗೆದದ್ದು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ.